ಬೆನ್ನು ಹಾಕಿ ಮಲಗುವ ನಾಯಿಗಳು

ಫೆಬ್ರವರಿ 4

ತಮ್ಮಾ,

ಮಂತ್ರಿ ನಿನ್ನೆ ಊಟ ಮಾಡಿದ. ನಾನು ಹಿಂದಿನ ಅಂಗಳ ತೊಳೆಯುತ್ತಿದ್ದೆ, ನೋಡಲಿಲ್ಲ. ನೋಡಿ ಓಡಿ ಬಂದು ಹೇಳಿದವಳು ಟೈಲರಮ್ಮ. "ಅಕ್ಕಾ, ನಿಮ್ಮ ಮಂತ್ರಿ ತಟ್ಟೆ ನೆಕ್ತಾ ಇದಾನೆ. ಇನ್ನು ಸ್ವಲ್ಪ ಬಿಟ್ರೆ ತಟ್ಟೇನೂ ತಿಂತಾನೆ" ಅಂದಳು.

ನೀನು ಕಳಿಸಿದ ದಿಂಬಿನ ಕವರ್ ಕೆಲಸ ಮಾಡಿದೆ. ನಮ್ಮ ಅಂಗಳದ ಆಶ್ರಯಕ್ಕೆ ಬರುವ ಮುದಿ ನಾಯಿಗಳ ಕಾಯಿಲೆ ಒಂದೇ ಎಂದು ಎಷ್ಟು ಸಲ ಹೇಳಿದರೂ ನೀನು ನಗುತ್ತಿದ್ದೆ. ಹತ್ತು ಹನ್ನೆರಡು ವರ್ಷ ಒಂದು ಮನೆಯಲ್ಲಿದ್ದು ಬೀದಿಗೆ ಬಿದ್ದ ನಾಯಿಗೆ ಮನುಷ್ಯರ ಮೈವಾಸನೆ ಇಲ್ಲದೆ ತುತ್ತು ಇಳಿಯುವುದಿಲ್ಲ. ಅದಕ್ಕೇ ಊರಿನವರು ತಾವು ತೊಟ್ಟು ಬಿಟ್ಟ, ಒಗೆಯದ ಬಟ್ಟೆಯೊಂದನ್ನು ತಂದುಕೊಡುತ್ತಾರೆ. ನಾಯಿ ಅದರ ಮೇಲೆ ಮಲಗುತ್ತದೆ. ಬಟ್ಟೆ ಕೊಟ್ಟವರು ಆ ನಾಯಿಯ ನೆಂಟರು. ಗೊರಕೆ ಎಂಬ ದಪ್ಪ ನಾಯಿಗೆ ಬೇಕರಿಯವನು ತನ್ನ ಏಪ್ರನ್ ಕೊಟ್ಟಿದ್ದಾನೆ, ಬ್ರೆಡ್ಡೂ ಅವನದೇ. ಚಿಕ್ಕಮ್ಮ ಎಂಬ ಕುಳ್ಳ ಹೆಣ್ಣು ನಾಯಿ ಟೈಲರಮ್ಮನ ಶಾಲಿನ ಮೇಲೆ ಮಲಗುತ್ತಾಳೆ. ಮಂತ್ರಿ ಎಲ್ಲರಿಗಿಂತ ಮುದುಕ, ಮೂತಿಯೆಲ್ಲ ಬೆಳ್ಳಗೆ. ಅವನಿಗೆ ಯಾರ ಬಟ್ಟೆಯೂ ಹಿಡಿಸಿರಲಿಲ್ಲ.

ನಿನ್ನ ಮೊದಲ ಅಂಗಿಯ ಕಥೆ ಗೊತ್ತೇ ಇದೆ. ನೀರು ಶುದ್ಧ ಮಾಡುವವನ ಅಂಗಿ ಕ್ಲೋರಿನ್ ನಾರದೆ ಇನ್ನೇನು ನಾರೀತು. ಮಂತ್ರಿ ಸೀನಿ ಸೀನಿ ಅದನ್ನು ಕಚ್ಚಿಕೊಂಡು ಹೋಗಿ ಮೋರಿಯ ಹತ್ತಿರ ಬಿಟ್ಟು ಬಂದ.

ಕಾಲು ಹೇಗಿದೆ? ಫೋನ್ ಮಾಡಬೇಡ. ಅಮ್ಮ ಹೋದ ಸುದ್ದಿ ಅದರಲ್ಲೇ ಬಂದದ್ದು, ಅಂದಿನಿಂದ ಅದು ಟೈಲರಮ್ಮನ ಅಂಗಡಿಯಲ್ಲಿದೆ. ಕಾಗದ ಬರಿ.

ಅಕ್ಕ


ಫೆಬ್ರವರಿ 12

ಅಕ್ಕಾ,

ಕೊನೆಗೂ ಒಬ್ಬ ನೆಂಟ ನನ್ನನ್ನು ಒಪ್ಪಿಕೊಂಡ. ಸಂತೋಷ. ಆ ಕವರ್ ಮಹಡಿಯ ಮೇಲಿನ ನನ್ನ ಮಂಚದ್ದು. ಪ್ಲಾಸ್ಟರ್ ಕಾಲಿನಲ್ಲಿ ಮೆಟ್ಟಿಲು ಹತ್ತಲಾಗದೆ ಪಕ್ಕದ ಮನೆಯಾಕೆಯನ್ನು ಕೇಳಿದೆ. ಅವರು ಹೋಗಿ ಬಿಚ್ಚಿ ತಂದರು, ಮೂಗು ಮುಚ್ಚಿಕೊಂಡೇ ತಂದರು. ಒಗೆಯದ್ದೇ ಬೇಕು ಎಂದದ್ದಕ್ಕೆ ಅವರು ನನ್ನನ್ನು ನೋಡಿದ ನೋಟವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ.

ನಾನಿನ್ನೂ ಕೆಳಗಿನ ಕೋಣೆಯ ಸೋಫಾದಲ್ಲೇ. ಪ್ಲಾಸ್ಟರ್ ತೆಗೆಯಲು ಏಪ್ರಿಲ್ ಆಗಬಹುದಂತೆ. ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ. ಒಂದು ತಿಂಗಳು ನನ್ನ ಚಾಕರಿ ಮಾಡಿದೆ. ಒಂಟಿ ಕಾಲಲ್ಲಿ ನಿಂತು ನಾನು ಮಾಡಿದ ಅಡುಗೆಯನ್ನು ಮಾತ್ರ ನೀನು ಒಂದು ದಿನವೂ ಪೂರ್ತಿ ತಿನ್ನಲಿಲ್ಲ, ತಟ್ಟೆಯಲ್ಲಿ ಅರ್ಧ ಬಿಟ್ಟೇ ಏಳುತ್ತಿದ್ದೆ. ನಿನ್ನ ಮಂತ್ರಿಗೇ ಬಡಿಸಬೇಕು, ಅವನಾದರೂ ಬೆಲೆ ಕೊಟ್ಟಾನು.

ತಮ್ಮ


ಫೆಬ್ರವರಿ 20

ತಮ್ಮಾ,

ಮಂತ್ರಿ ಹೊರಟಿದ್ದಾನೆ ಎಂದು ಕಾಣುತ್ತದೆ. ಮೊದಲು ಕಂಡವನು ಬೇಕರಿಯವನು. ಮೂರು ದಿನದ ಹಿಂದೆ ಬೆಳಿಗ್ಗೆ ಬ್ರೆಡ್ ತಂದವನು ಗೇಟಿನಿಂದ ಒಳಗೆ ಬರಲೇ ಇಲ್ಲ. "ಅಕ್ಕಾ, ಕಟ್ಟಿದಾವೆ" ಎಂದಷ್ಟೇ ಹೇಳಿ ಬುಟ್ಟಿಯನ್ನು ಗೋಡೆಯ ಮೇಲಿಟ್ಟು ಹೋದ.

ನಿನಗೆ ಇದನ್ನು ಹೇಳಿರಲಿಲ್ಲ. ನಮ್ಮಲ್ಲಿ ಒಂದು ನಾಯಿ ಸಾಯುವ ಮುಂಚೆ ಉಳಿದವು ಅದರ ಸುತ್ತ ವರ್ತುಲ ಕಟ್ಟಿ ಮಲಗುತ್ತವೆ. ಮುಖ ಹೊರಗೆ, ಬೆನ್ನು ಒಳಗೆ. ಯಾವುದೂ ಸಾಯುವ ನಾಯಿಯ ಕಡೆ ನೋಡುವುದಿಲ್ಲ. ಬೊಗಳುವುದಿಲ್ಲ, ಮೈ ಕೆರೆದುಕೊಳ್ಳುವುದೂ ಇಲ್ಲ. ಊಟಕ್ಕೆ ಒಂದೊಂದಾಗಿ ಎದ್ದು ಹೋಗುತ್ತವೆ, ಮತ್ತೆ ಬಂದು ಅದೇ ಜಾಗ ಹಿಡಿಯುತ್ತವೆ. ಪಶುವೈದ್ಯರು ಇದನ್ನು ಎರಡು ಸಲ ನೋಡಿದ್ದಾರೆ. ರೋಗದ ವಾಸನೆ ಹತ್ತುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ ಎಂದರು. ಬೆನ್ನು ಯಾಕೆ ಹಾಕುತ್ತವೆ ಎಂದು ಕೇಳಿದ್ದಕ್ಕೆ ಚೀಲ ಮುಚ್ಚಿಕೊಂಡು ಎದ್ದರು.

ಈಗ ಮಂತ್ರಿಯ ಸುತ್ತ ಕಟ್ಟಿವೆ. ಅವನು ನಿನ್ನ ಕವರ್ ಮೇಲೆ ತಲೆಯಿಟ್ಟು ಹಾಯಾಗಿ ನಿದ್ದೆ ಮಾಡುತ್ತಿದ್ದಾನೆ. ಗೊರಕೆಗೆ ಆ ಹೆಸರು ಬಂದದ್ದು ಯಾಕೆ ಎಂದು ನಿನಗೆ ಗೊತ್ತು. ಮೂರು ದಿನದಿಂದ ಅವನ ಮೂಗಿನಿಂದ ಸದ್ದಿಲ್ಲ. ಕಣ್ಣು ಬಿಟ್ಟುಕೊಂಡು ಗೋಡೆ ನೋಡುತ್ತಿರುತ್ತಾನೆ.

ನಿನ್ನ ನೆಂಟಸ್ತಿಕೆ ಇಷ್ಟು ಚಿಕ್ಕದಾಯಿತು. ಬೇಜಾರು ಮಾಡಿಕೊಳ್ಳಬೇಡ.

ಅಕ್ಕ


ಫೆಬ್ರವರಿ 28

ಅಕ್ಕಾ,

ನಿನ್ನ ಕಾಗದ ಓದಿ ಮನಸ್ಸಿಗೆ ಒಂಥರಾ ಆಯಿತು. ನೋಡದ ನಾಯಿಗಾಗಿ ಹೀಗಾಗುತ್ತದೆ ಎಂದುಕೊಂಡಿರಲಿಲ್ಲ. ಮಂತ್ರಿಯನ್ನು ಮಣ್ಣು ಮಾಡುವಾಗ ಕವರನ್ನೂ ಜೊತೆಗೆ ಹಾಕು. ಅವನದೇ ಅದು.

ನೀನೂ ಸ್ವಲ್ಪ ವಿಶ್ರಾಂತಿ ತೆಗೆದುಕೋ. ಊರಿನವರು ಸರದಿ ಹಾಕಿಕೊಂಡಿದ್ದಾರೆ ಎಂದಿದ್ದೆ. ಸರದಿ ಅವರದು, ಕೆಲಸ ಪೂರ್ತಿ ನಿನ್ನದು ಆಗಬಾರದು.

ತಮ್ಮ


ಮಾರ್ಚ್ 9

ತಮ್ಮಾ,

ಮಂತ್ರಿ ಚೆನ್ನಾಗಿದ್ದಾನೆ. ನಿನ್ನೆ ಗೇಟಿನವರೆಗೆ ಓಡಿ ಬಸ್ಸಿನ ಕಂಡಕ್ಟರನ ಕೈಯಿಂದ ಬಿಸ್ಕತ್ತು ಕಸಿದುಕೊಂಡ.

ನೀನು ಸರಿಯಾಗಿ ಊಟ ಮಾಡುತ್ತಿದ್ದೀಯಾ? ತೂಕ ಇಳಿದಿದೆಯಾ? ನಿದ್ದೆ ಬರುತ್ತದಾ? ಹೊಟ್ಟೆ, ಎದೆ, ಬೆನ್ನು ಎಲ್ಲಿಯಾದರೂ ನೋವಿದ್ದರೆ ಮುಚ್ಚಿಡದೆ ಬರಿ. ಸಿಗರೇಟು ಬಿಟ್ಟದ್ದು ನಿಜ ತಾನೇ? ಕಾಲಿಗಾಗಿ ಆಸ್ಪತ್ರೆಗೆ ಹೋಗಿಯೇ ಹೋಗುತ್ತೀಯಲ್ಲ, ಆಗ ಬೇರೆ ಪರೀಕ್ಷೆಗಳನ್ನೂ ಮಾಡಿಸಿಕೊಳ್ಳಬಹುದು.

ಬೇಗ ಉತ್ತರ ಬರಿ.

ಅಕ್ಕ


ಮಾರ್ಚ್ 16

ಅಕ್ಕಾ,

ಯಾವ ಮನೆಯ ಹೆಣ್ಣು?

ತೂಕ ಕೇಳುತ್ತೀಯ, ನಿದ್ದೆ ಕೇಳುತ್ತೀಯ, ಸಿಗರೇಟು ಕೇಳುತ್ತೀಯ. ಹಲ್ಲು ಎಣಿಸುವುದೊಂದು ಬಾಕಿ. ಕತ್ತೆ ಕೊಳ್ಳುವವರೂ ಇಷ್ಟು ವಿಚಾರಿಸುವುದಿಲ್ಲ. ಈ ವಯಸ್ಸಿನಲ್ಲಿ ನನ್ನ ಕುತ್ತಿಗೆಗೆ ಯಾರನ್ನು ಗಂಟು ಹಾಕಲು ಹೊರಟಿದ್ದೀಯೋ ನೇರವಾಗಿ ಹೇಳು. ಟೈಲರಮ್ಮನ ಸಂಬಂಧಿಯಾದರೆ ಅಂಗಿಗೆ ಗುಂಡಿಯಾದರೂ ಸರಿಯಾಗಿ ಸಿಗುತ್ತದೆ.

ತೂಕ ಇಳಿದಿಲ್ಲ, ಸೋಫಾದ ಮೇಲೆ ಬಿದ್ದುಕೊಂಡು ಏರಿದೆ. ನಿದ್ದೆ ಬೇಕಾದಷ್ಟು. ಮಂತ್ರಿ ಬದುಕಿದ್ದು ನಿಜಕ್ಕೂ ಖುಷಿ. ನಿನ್ನ ನಾಯಿಗಳ ಲೆಕ್ಕಾಚಾರವೂ ತಪ್ಪುತ್ತದೆ ಎಂದಾಯಿತು.

ತಮ್ಮ


ಮಾರ್ಚ್ 25

ತಮ್ಮಾ,

ಹೆಣ್ಣೂ ಇಲ್ಲ ಗಿಣ್ಣೂ ಇಲ್ಲ. ಹೇಳಬಾರದು ಎಂದುಕೊಂಡಿದ್ದೆ, ಹೇಳುತ್ತಿದ್ದೇನೆ.

ಮಂತ್ರಿ ಎದ್ದು ಹೋದರೂ ವರ್ತುಲ ಕದಲಲಿಲ್ಲ. ಅವನು ಬಿಸಿಲಿಗೆ ಹೋಗಿ ಮಲಗಿದ, ಊಟಕ್ಕೆ ಹೋದ, ಗೇಟಿಗೆ ಓಡಿದ. ನಾಯಿಗಳು ಅಲ್ಲೇ ಇದ್ದವು. ನಡುವೆ ನಿನ್ನ ದಿಂಬಿನ ಕವರ್ ಮಾತ್ರ. ಅದಕ್ಕೆ ಬೆನ್ನು ಹಾಕಿಕೊಂಡಿದ್ದವು. ಟೈಲರಮ್ಮನೂ ನಾನೂ ಕವರನ್ನು ಎತ್ತಿ ಆಚೆ ಗೋಡೆಯ ಬುಡದಲ್ಲಿ ಹಾಕಿದೆವು. ಒಂದೊಂದಾಗಿ ಎದ್ದು ಬಂದು ಅಲ್ಲಿ ಕಟ್ಟಿದವು. ಎಷ್ಟು ಸದ್ದಿಲ್ಲದೆ ಬಂದವೆಂದರೆ ಟೈಲರಮ್ಮ ನನ್ನ ತೋಳು ಹಿಡಿದುಕೊಂಡಳು. "ಅಕ್ಕಾ, ಇದು ಬಟ್ಟೆ ಅಲ್ವಾ? ಬಟ್ಟೆಗೂ ಸಾವಿದ್ಯಾ?" ಎಂದಳು. ಹೊಲಿಯುವವಳ ಬಾಯಲ್ಲಿ ಆ ಮಾತು ಕೇಳಿ ನಗು ಬರಬೇಕಿತ್ತು, ಬರಲಿಲ್ಲ.

ಅವು ನಾಯಿಗಳಿಗೆ ಮಾತ್ರ ಕಟ್ಟುತ್ತವೆ ಎಂದಿದ್ದರೆ ನಾನು ಹೆದರುತ್ತಿರಲಿಲ್ಲ. ಹೋದ ವರ್ಷ ಮಿಲ್ಲಿನ ಹಳೆಯ ಕಾವಲುಗಾರ ಬಂದು ನಮ್ಮ ಬೆಂಚಿನ ಮೇಲೆ ಕೂರುತ್ತಿದ್ದ. ಒಂದು ದಿನ ಬೆಂಚಿನ ಸುತ್ತ ಕಟ್ಟಿದವು. ಅವನು ನಕ್ಕು, "ಏನಪ್ಪಾ, ನನಗೇ ಕಾವಲು ಕೊಡ್ತೀರಾ?" ಎಂದ. ನಾವೂ ನಕ್ಕೆವು. ಅವನು ಮತ್ತೆ ಬರಲಿಲ್ಲ. ಆ ತಿಂಗಳೇ ಹೋದ. ಅಂದಿನಿಂದ ಬೇಕರಿಯವನು ಆ ಬೆಂಚಿನ ಮೇಲೆ ಕೂರುವುದಿಲ್ಲ. "ನಾನು ಯಾರಿಗೆ ಬೆನ್ನು ತೋರಿಸಿದರೂ ಪರವಾಗಿಲ್ಲ ಅಕ್ಕ, ಇವು ನನಗೆ ತೋರಿಸದಿದ್ದರೆ ಸಾಕು" ಎನ್ನುತ್ತಾನೆ.

ನನಗೆ ಉಳಿದಿರುವವನು ನೀನೊಬ್ಬ. ಆಸ್ಪತ್ರೆಗೆ ಹೋಗು. ತಲೆಯಿಂದ ಕಾಲಿನವರೆಗೆ ತೋರಿಸು. ನಕ್ಕರೂ ಪರವಾಗಿಲ್ಲ, ನಕ್ಕುಕೊಂಡೇ ಹೋಗು.

ಅಕ್ಕ


ಏಪ್ರಿಲ್ 6

ಅಕ್ಕಾ,

ನನಗೆ ಏನೂ ಆಗಿಲ್ಲ. ಹೇಳಿದ್ದು ಆಸ್ಪತ್ರೆಯ ದೊಡ್ಡ ಡಾಕ್ಟರು, ನಾನಲ್ಲ. ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್ ಎಲ್ಲವೂ ಆಯಿತು. ಯಾಕೆ ಬಂದಿರಿ ಎಂದು ಕೇಳಿದರು. ನಮ್ಮಕ್ಕನ ನಾಯಿಗಳು ಕಳಿಸಿದವು ಎಂದೆ. ಅವರು ನಗಲಿಲ್ಲ. ನಾಯಿಗಳು ಕೆಲವು ಸಲ ನಮ್ಮ ಯಂತ್ರಕ್ಕಿಂತ ಮೊದಲು ಹೇಳುತ್ತವೆ ಎಂದರು, ಅದಕ್ಕೇ ಸ್ಕ್ಯಾನನ್ನು ಇನ್ನೊಮ್ಮೆ ಮಾಡಿದರು. ಎರಡನೆಯದರಲ್ಲೂ ಏನಿಲ್ಲ.

ನಿನ್ನ ಕಾಗದ ಬಂದ ದಿನದಿಂದ ಪರೀಕ್ಷೆಯ ಫಲಿತಾಂಶದವರೆಗೆ ನಾನು ಹೇಗಿದ್ದೆ ಎಂದು ಬರೆಯುವುದಿಲ್ಲ. ಹಿತ್ತಲ ತೊಟ್ಟಿಯ ಪಕ್ಕ ಕೂತು ನೀರಿನಲ್ಲಿ ನನ್ನ ಮುಖ ನೋಡಿಕೊಳ್ಳುತ್ತಿದ್ದೆ ಎಂದಷ್ಟು ತಿಳಿದುಕೋ.

ಈಗ ಮುಗಿಯಿತು. ಕವರನ್ನು ಬಿಸಿನೀರಿನಲ್ಲಿ ಕುದಿಸಿ ಒಗೆದುಬಿಡು. ಪ್ಲಾಸ್ಟರೂ ಇವತ್ತೇ ತೆಗೆದರು. ನಾಳೆ ಮಹಡಿ ಹತ್ತಿ ನನ್ನ ಕೋಣೆಯನ್ನು ನೋಡಬೇಕು. ಡಿಸೆಂಬರಿನಿಂದ ಅಲ್ಲಿ ಕಾಲಿಟ್ಟಿಲ್ಲ.

ತಮ್ಮ


ಏಪ್ರಿಲ್ 7

ಅಕ್ಕಾ,

ನಿನ್ನೆಯ ಕಾಗದದ ಬೆನ್ನಿಗೇ ಇದನ್ನು ಹಾಕುತ್ತಿದ್ದೇನೆ. ಎರಡೇ ಪ್ರಶ್ನೆ. ಕವರ್ ಒಗೆದ ಮೇಲೆ ನಾಯಿಗಳು ಎಲ್ಲಿ ಮಲಗುತ್ತಿವೆ? ಯಾವ ಕಡೆಗೆ ಮುಖ ಮಾಡಿ ಮಲಗುತ್ತಿವೆ?

ಸುಮ್ಮನೆ ಕೇಳಿದೆ.

ತಮ್ಮ


ಏಪ್ರಿಲ್ 15

ತಮ್ಮಾ,

ನಿನ್ನ ಎರಡೂ ಕಾಗದ ಒಟ್ಟಿಗೆ ಬಂದವು. ಮೊದಲನೆಯದನ್ನು ಟೈಲರಮ್ಮನ ಅಂಗಡಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಬೇಕರಿಯವನು ಎಲ್ಲರಿಗೂ ಬನ್ನು ಹಂಚಿದ. ಕಂಡಕ್ಟರ್ ಬಸ್ಸು ನಿಲ್ಲಿಸಿಕೊಂಡು, "ತಮ್ಮನವರಿಗೆ ನೂರು ವರ್ಷ" ಎಂದು ಕೂಗಿ ಹೋದ. ನನ್ನ ಎದೆಯ ಮೇಲಿದ್ದ ಬಂಡೆ ಇಳಿಯಿತು.

ಕವರನ್ನು ಸೋಪು ಹಾಕಿ ಕುದಿಸಿದೆ. ನಾಯಿಗಳು ಮೂಸಿ ನೋಡಿದವು, ಎದ್ದು ಹೋದವು. ಮಂತ್ರಿ ಒಬ್ಬನೇ ಈಗಲೂ ಅದರ ಮೇಲೆ ಮಲಗುತ್ತಾನೆ. ಅವನ ಮೂಗು ಯಾವತ್ತೋ ಕೈಕೊಟ್ಟಿದೆ, ಕ್ಲೋರಿನ್ನಿನಂಥ ಘಾಟು ಮಾತ್ರ ತಾಗುತ್ತದೆ ಎಂದು ಪಶುವೈದ್ಯರು ಈಗ ಹೇಳುತ್ತಿದ್ದಾರೆ. ಹಾಗಾದರೆ ಅವನು ಊಟ ಮಾಡಿದ್ದು ಬಟ್ಟೆ ಮೆತ್ತಗಿದ್ದದ್ದಕ್ಕೆ ಇರಬೇಕು.

ನೀನು ಕೇಳಿದ್ದಕ್ಕೆ ಉತ್ತರ. ನಾಯಿಗಳು ಈಗ ನನ್ನ ಕೋಣೆಯ ಬಾಗಿಲಲ್ಲಿ ಮಲಗುತ್ತವೆ. ಮುಖ ಅಂಗಳದ ಕಡೆಗೆ. ಕಾವಲು ಕಾಯುವ ನಾಯಿ ಇನ್ನೆತ್ತ ಮುಖ ಮಾಡುತ್ತದೆ? ಮುದಿಗಳಾದರೂ ಋಣ ಮರೆತಿಲ್ಲ. ನಾನು ಬಟ್ಟೆ ಒಗೆಯಲು ಕೂತರೆ ಅಲ್ಲಿಗೂ ಬಂದು ಸುತ್ತ ಮಲಗುತ್ತವೆ. ಒಂದೇ ತೊಂದರೆ, ಏಳಬೇಕಾದರೆ ದಾಟಿ ಬರಬೇಕು. ಈಚೆಗೆ ನನಗೆ ಏಳುವುದೇ ಬೇಜಾರು. ಬೇಸಿಗೆ ಇರಬೇಕು. ಟೈಲರಮ್ಮ ನನ್ನ ಬಟ್ಟೆಗಳ ಸೊಂಟ ಮತ್ತೆ ಹಿಡಿಸಿ ಕೊಟ್ಟಳು. "ಅಕ್ಕ, ನೀವು ಹೀಗೆ ಕರಗ್ತಾ ಹೋದ್ರೆ ನನ್ನ ದಾರ ಸಾಲಲ್ಲ" ಎನ್ನುತ್ತಾಳೆ.

ಈಗ ನಿಶ್ಚಿಂತೆಯಾಗಿರು.

ಅಕ್ಕ


ಏಪ್ರಿಲ್ 20

ಅಕ್ಕಾ,

ಅದು ನನ್ನ ದಿಂಬಿನ ಕವರ್ ಅಲ್ಲ. ನಿನ್ನದು.

ಕಾಲು ಮುರಿದಾಗ ನಾನು ಕೆಳಗೆ ಮಲಗಿದೆ. ನೀನು ಬಂದು ಮಹಡಿಯಲ್ಲಿ, ನನ್ನ ಮಂಚದಲ್ಲಿ ಮಲಗಿದೆ. ಒಂದು ತಿಂಗಳು ಆ ದಿಂಬಿನ ಮೇಲೆ ಇದ್ದದ್ದು ನಿನ್ನ ತಲೆ. ಅಲ್ಲಿ ದಿನವಿಡೀ ಸೋಪಿನ ನೀರಿನಲ್ಲಿರುವ ನಿನ್ನ ಮೈಗಿಂತ ಅದರಲ್ಲೇ ನಿನ್ನ ವಾಸನೆ ಗಟ್ಟಿಯಾಗಿ ಕೂತಿತ್ತು. ನೀನು ಹೋದ ಮೇಲೆ ನಾನು ಹತ್ತಲೇ ಇಲ್ಲ, ಹಾಸಿಗೆ ಬದಲಾಯಿಸಲೂ ಇಲ್ಲ. ಪಕ್ಕದ ಮನೆಯಾಕೆ ಬಿಚ್ಚಿ ತಂದದ್ದು ಅದನ್ನೇ. ನನ್ನ ಮಂಚ, ಆದ್ದರಿಂದ ನನ್ನ ಕವರ್ ಎಂದು ನಾನು ತಿಳಿದೆ, ಮನೆಯ ಕವರುಗಳೆಲ್ಲ ಒಂದೇ ಥರ, ಆದ್ದರಿಂದ ನೀನೂ ಹಾಗೇ ತಿಳಿದೆ. ಏಳನೇ ತಾರೀಕು ಮೇಲೆ ಹೋದಾಗ ಬೋಳು ದಿಂಬಿನ ಮೇಲೆ ನಿನ್ನ ಉದ್ದನೆಯ ಬಿಳಿ ಕೂದಲು ಕಂಡಿತು.

ಆಗಲೇ ಬರೆಯಬೇಕಿತ್ತು. ಧೈರ್ಯ ಬರಲಿಲ್ಲ. ನಾಯಿಗಳು ಚದುರಿ ಹೋಗಿವೆ ಎಂದು ನೀನು ಬರೆದರೆ ಸಾಕು, ಸುಮ್ಮನಿದ್ದುಬಿಡುತ್ತೇನೆ ಎಂದುಕೊಂಡು ಆ ಎರಡು ಪ್ರಶ್ನೆ ಕೇಳಿದೆ.

ಮುಖ ಅಂಗಳದ ಕಡೆಗೆ ಎಂದರೆ ಬೆನ್ನು ನಿನ್ನ ಕಡೆಗೆ.

ನಾನು ಶುಕ್ರವಾರದ ಗಾಡಿಗೆ ಹೊರಡುತ್ತೇನೆ. ಶನಿವಾರ ಸಂಜೆ ಕಂಡಕ್ಟರನ ಬಸ್ಸಿನಲ್ಲಿ ಇಳಿಯುತ್ತೇನೆ. ಈ ಕಾಗದ ಅದಕ್ಕೆ ಮುಂಚೆ ತಲುಪಬೇಕು. ತಲುಪದಿದ್ದರೆ ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ತಮ್ಮ


ಮೇ 3

ತಮ್ಮಾ,

ಆಸ್ಪತ್ರೆ ಶುಚಿಯಾಗಿದೆ. ಟೈಲರಮ್ಮ ಕುರ್ಚಿಯಲ್ಲೇ ಮಲಗುತ್ತಾಳೆ, ಮನೆಗೆ ಹೋಗು ಎಂದರೆ ಕಿವಿ ಕೇಳಿಸದವಳ ಹಾಗೆ ಸೂಜಿಗೆ ದಾರ ಪೋಣಿಸುತ್ತಾಳೆ. ಹೊಟ್ಟೆಯ ಗಡ್ಡೆ ದೊಡ್ಡದೇ ಅಂತೆ. ತೆಗೆಯಬಹುದು ಎನ್ನುತ್ತಾರೆ, ಪೂರ್ತಿ ಬರುತ್ತದಾ ಎಂದರೆ ನೋಡೋಣ ಎನ್ನುತ್ತಾರೆ. ತೆಗೆದ ಮೇಲೂ ಗೊತ್ತಾಗಲು ಸಮಯ ಬೇಕಂತೆ.

ನಿನಗೆ ಒಂದು ಮಾತು ಹೇಳಬೇಕು. ನೀನು ಬಸ್ಸಿನಿಂದ ಇಳಿದಾಗ ನಿನ್ನ ಕಾಗದ ಬಂದಿರಲಿಲ್ಲ ಎಂದೆ. ಬಂದಿತ್ತು, ಹಿಂದಿನ ದಿನವೇ. ಓದಿ ಒಳಗಿಟ್ಟೆ. ನೀನು ಬಾಯಿಬಿಟ್ಟು ಹೇಳಬೇಕೆಂದಲ್ಲ. ಒಂದು ದಿನವಾದರೂ ನಾಯಿಗಳು ನನಗೆ ಕಾವಲು ಇವೆ ಎಂದುಕೊಂಡು ಮಲಗಬೇಕೆನಿಸಿತು. ಮಲಗಿದೆ. ನಿದ್ದೆ ಚೆನ್ನಾಗಿ ಬಂತು.

ನೀನು ನನ್ನ ಹತ್ತಿರ ಇರುವುದು ಬೇಡ, ನಾಯಿಗಳ ಹತ್ತಿರ ಇರು. ಮಂತ್ರಿಗೆ ಮೆತ್ತಗೆ ಕಲಸಿ ಕೊಡು. ಚಿಕ್ಕಮ್ಮ ನಾನಿಲ್ಲದೆ ತಿನ್ನುವುದಿಲ್ಲ, ಬೈದರೆ ತಿನ್ನುತ್ತಾಳೆ.

ಅಕ್ಕ


ಮೇ 6

ಅಕ್ಕಾ,

ಎಲ್ಲ ನಾಯಿಗಳೂ ಊಟ ಮಾಡಿವೆ, ಚಿಕ್ಕಮ್ಮ ಸೇರಿ. ಅವಳಿಗೆ ತಿನ್ನಿಸಿದವನು ಬೇಕರಿಯವನು. ನನ್ನ ಬೈಗುಳ ಅವಳಿಗೆ ನಾಟಲಿಲ್ಲ, ಅವನು ಬೈದ. ಅವನು ನಿನ್ನ ಧ್ವನಿಯಲ್ಲೇ ಬೈಯುತ್ತಾನೆ, ಕೇಳಿದರೆ ನಗುತ್ತೀಯ. ಈಗ ಗೇಟಿನಲ್ಲಿ ನಿಲ್ಲುವುದಿಲ್ಲ, ಒಳಗೇ ಬಂದು ಬೆಂಚಿನ ಮೇಲೆ ಕೂರುತ್ತಾನೆ. "ಹೆದರ್ಕೊಂಡ್ರೆ ಅಕ್ಕಂಗೆ ಅವಮಾನ" ಎಂದ. ಕಂಡಕ್ಟರ್ ಬೆಳಿಗ್ಗೆ ಮೊದಲ ಸರ್ವೀಸಿಗೆ ಮುಂಚೆ ಬಂದು ಅಂಗಳ ತೊಳೆದು ಹೋಗುತ್ತಾನೆ. ನಿನ್ನಷ್ಟು ಚೆನ್ನಾಗಿ ಅಲ್ಲ.

ಕಾಗದ ಬಂದಿರಲಿಲ್ಲ ಎಂದು ನೀನು ಹೇಳಿದಾಗ ನಾನು ನಂಬಲಿಲ್ಲ. ನೀನು ನನ್ನ ಮುಖ ನೋಡದೆ ಚೀಲ ಇಸಿದುಕೊಂಡೆ.

ನಾಯಿಗಳು ಇನ್ನೂ ನಿನ್ನ ಕೋಣೆಯ ಬಾಗಿಲಲ್ಲೇ ಇವೆ. ನೀನು ಒಳಗಿಲ್ಲ, ನಿನ್ನ ಹಾಸಿಗೆ ಇದೆ. ಸಂಜೆ ನಾನು ಅಂಗಳದಲ್ಲಿ ಕೂತರೆ ಅಷ್ಟೂ ಮುಖ ನನ್ನ ಕಡೆಗಿರುತ್ತದೆ. ಒಂದೂ ನನ್ನನ್ನು ನೋಡುವುದಿಲ್ಲ, ನನ್ನ ಆಚೆಗೆ ನೋಡುತ್ತವೆ. ಮೊದಲ ದಿನ ತಿರುಗಿ ನೋಡಿದೆ, ಹಿಂದೆ ಗೋಡೆಯಿತ್ತು. ಹಾಸಿಗೆ ಬಟ್ಟೆಯೆಲ್ಲ ಕುದಿಸಿಬಿಡೋಣ ಎಂದು ಬೇಕರಿಯವನು ಎರಡು ಸಲ ಹೇಳಿದ. ಬೇಡ ಎಂದೆ. ಕುದಿಸಿದರೆ ಅವು ಎದ್ದು ಹೋಗುತ್ತವೆ, ನಮಗೆ ಸಮಾಧಾನವಾಗುತ್ತದೆ, ಅಷ್ಟೇ. ಒಮ್ಮೆ ಹಾಗೆ ಸಮಾಧಾನ ಮಾಡಿಕೊಂಡಾಗಿದೆ.

ಆಪರೇಷನ್ ಸೋಮವಾರ ಬೆಳಿಗ್ಗೆ ಎಂದು ಟೈಲರಮ್ಮ ಫೋನಿನಲ್ಲಿ ತಿಳಿಸಿದಳು. ಆಸ್ಪತ್ರೆಯವರು ಕೊಡುವ ಬಟ್ಟೆಯಲ್ಲಿ ಔಷಧಿಯ ವಾಸನೆ ಇರುತ್ತದೆ, ಅದು ಬೇಡ. ಗಾಯ ಒಣಗಲು ಶುರುವಾಗಿ ನಿನ್ನ ಸ್ವಂತ ಅಂಗಿ ತೊಡಲು ಬಿಟ್ಟ ಮೇಲೆ, ಒಂದನ್ನು ಎರಡು ದಿನ ಬಿಚ್ಚದೆ ತೊಟ್ಟಿರು. ಒಗೆಯಬೇಡ. ಟೈಲರಮ್ಮ ಅದನ್ನು ಕಾಗದದಲ್ಲಿ ಸುತ್ತಿ ಕಂಡಕ್ಟರನ ಕೈಗೆ ಕೊಡುತ್ತಾಳೆ. ಅವನು ಶನಿವಾರ ಸಂಜೆಯ ಬಸ್ಸಿನಲ್ಲಿ ತರುತ್ತಾನೆ.

ಭಾನುವಾರ ಬೆಳಿಗ್ಗೆ ಊಟ ಹಾಕಿದ ಮೇಲೆ ಅದನ್ನು ಅಂಗಳದ ನಡುವೆ ಹಾಸುತ್ತೇವೆ.

ತಮ್ಮ